ಬೂಟಿನಡಿಯ ಮಣ್ಣು

ಯಾಂಟೀನಳ ಜೋಳದ ಹೊಲ ಅಜ್ಜನ ಕಾಲದಲ್ಲಿ ನೇರಳೆ ಹೂ ಬಿಡುವ ಹೀದರ್ ಪೊದೆಗಳ ಬಯಲಾಗಿತ್ತು. ಅಜ್ಜ ಉತ್ತ, ಅಪ್ಪ ಗೊಬ್ಬರ ಸುರಿದ, ನೆಲ ಕೊಬ್ಬಿಹೋಯಿತು. ಹೀದರಿಗೆ ಬೇಕಾದದ್ದು ಬಡಕಲು, ಹುಳಿ ಮರಳು. ಆ ಬಯಲನ್ನು ಮತ್ತೆ ಕಾಣಬೇಕೆಂದು ಮುದಿ ವಯಸ್ಸಿನಲ್ಲಿ ಯಾಂಟೀನ್ ಯಂತ್ರ ತರಿಸಿ ಮೇಲಿನ ಕಪ್ಪು ಮಣ್ಣನ್ನೆಲ್ಲ ಕೆರೆಸಿ ಹಾಕಿದಾಗ ಡ್ರೆಂಟೆ ಪ್ರಾಂತ್ಯದ ಆ ಹಳ್ಳಿ ನಕ್ಕಿತು. ಕೆರೆದ ಮೇಲೂ ಬರೀ ಮರಳೇ ಉಳಿಯಿತು. ಹಳೆಯ ಬಯಲಿನ ಜೀವಂತ ಮಣ್ಣು, ಅದರ ಬೀಜ, ಬೇರಿಗೆ ಉಣಿಸುವ ಬೂಷ್ಟು, ಇವನ್ನು ಒಂದಿಷ್ಟು ಹೆಪ್ಪು ಹಾಕಿದಂತೆ ಹಾಕಬೇಕಿತ್ತು.

ಅಂಥ ಬಯಲು ರಸ್ತೆಯಾಚೆಯೇ ಇತ್ತು. ಅದನ್ನು ಕಾಯುವ ಸಂಘದ ಅಧ್ಯಕ್ಷ ಲುಬ್ಬರ್ಟ್ ಅವಳ ಜೊತೆ ಶಾಲೆಗೆ ಹೋದವನು.

"ಒಂದು ಬಕೆಟ್ ಮಣ್ಣು ಕೊಡೋ."

"ಒಂದು ಚಿಟಿಕೆನೂ ಕೊಡಲ್ಲ ಕಣೇ. ನಿನಗೆ ಕೊಟ್ರೆ ನಾಳೆ ಊರೋರೆಲ್ಲ ಬಕೆಟ್ ಹಿಡ್ಕೊಂಡು ನಿಲ್ತಾರೆ!"

ಯಾಂಟೀನ್ ಜಗಳಕ್ಕೆ ಹೋಗಲಿಲ್ಲ. ಚಳಿಗಾಲದ ಶನಿವಾರಗಳಲ್ಲಿ ಲುಬ್ಬರ್ಟನ ತಂಡ ಬಯಲಿನ ಹುಲ್ಲು ಕೀಳುತ್ತಿತ್ತು. ದಣಿದವರಿಗೆ ತನ್ನ ಕೊಟ್ಟಿಗೆಯಲ್ಲಿ ಸಾಸೇಜ್ ಹಾಕಿದ ಬಿಸಿ ಬಟಾಣಿ ಸೂಪು ಇದೆ ಎಂದು ಹೇಳಿಕಳಿಸಿದಳು. ಬಾಗಿಲಲ್ಲಿ ಬೂಟು ಕೆರೆಯುವ ಕಬ್ಬಿಣದ ಪಟ್ಟಿ, ಒರಟು ಬ್ರಷ್ಷು, ಕೆಳಗೊಂದು ಅಗಲವಾದ ತಗಡಿನ ತಟ್ಟೆ.

"ನೆಲ ಈಗಷ್ಟೇ ಒರೆಸಿದ್ದೀನಿ. ಲುಬ್ಬರ್ಟ್, ಹಿಮ್ಮಡಿ ಹತ್ರ ಇನ್ನೂ ಅಂಟಿದೆ ನೋಡು."

"ಕೆರೀರೋ, ಚೆನ್ನಾಗಿ ಕೆರೀರಿ! ಬೇರೆಯವರ ಮನೆಗೆ ಬರೋ ರೀತಿನಾ ಇದು?" ಎಂದು ಲುಬ್ಬರ್ಟ್ ತನ್ನವರನ್ನೇ ಗದರಿದ.

ಅವರು ಹೋದದ್ದೇ ತಡ, ಯಾಂಟೀನ್ ತಟ್ಟೆ ಹೊತ್ತು ಮರಳಿಗಿಳಿದು, ಆ ಮಣ್ಣನ್ನು ಉಪ್ಪು ಉದುರಿಸಿದಂತೆ ಉದುರಿಸುತ್ತಿದ್ದಳು. ನಗು ತಡೆಯಲಾಗದೆ ಒಮ್ಮೆ ತಟ್ಟೆ ವಾಲಿ ಅರ್ಧ ಮಣ್ಣು ಒಂದೇ ಕಡೆ ಬಿತ್ತು.

ಮರುವರ್ಷ ಮಂಚದಗಲದ ಜಾಗದಲ್ಲಿ ಸೂಜಿಮೊನೆಯಂಥ ಹೀದರ್ ಹಸಿರು ತಲೆಯೆತ್ತಿತು. ನೋಡಲು ಬಂದ ಲುಬ್ಬರ್ಟ್ ಮೊಣಕಾಲೂರಿ ಕನ್ನಡಕ ಏರಿಸಿದ. ಗಿಡ ನೋಡಿದ, ಕೊಟ್ಟಿಗೆ ಬಾಗಿಲಲ್ಲಿದ್ದ ತಗಡಿನ ತಟ್ಟೆ ನೋಡಿದ. ಮುಖ ಕೆಂಪಾಯಿತು.

"ಕಳ್ಳಿ!"

"ನಾನೆಲ್ಲಿ ಕದ್ದೆ? ನೀನೇ ಕೈಯಾರೆ ಕೆರೆದು ಕೊಟ್ಟೆ. ಸೂಪು ಎರಡೆರಡು ಸಲ ಹಾಕಿಸ್ಕೊಂಡೆ ಬೇರೆ!"

ಅವನು ತನ್ನ ಬೂಟಿನಡಿ ತಿರುಗಿಸಿ ನೋಡಿಕೊಂಡ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟ. ಸಂಜೆಯಾಗುವಷ್ಟರಲ್ಲಿ ಕಾಫಿ ಅಂಗಡಿಯಲ್ಲಿ ಕೂತು, ಇದೆಲ್ಲ ತನ್ನದೇ ಉಪಾಯವೆಂದು ಜಂಬ ಕೊಚ್ಚುತ್ತಿದ್ದ. ಅಲ್ಲಿಗೇ ಬಂದ ಯಾಂಟೀನ್ ತಿದ್ದಲು ಹೋಗಲಿಲ್ಲ.

"ನಿನ್ನ ಉಪಾಯ ಅಂದ್ಮೇಲೆ ಆ ಚಿಗುರು ಮೇಯೋ ಮೊಲಗಳನ್ನ ಓಡಿಸೋದೂ ನಿನ್ನ ಕೆಲಸ ಕಣೋ" ಎಂದು ಬೇಲಿಯ ತಂತಿಯ ಸುರುಳಿಯನ್ನು ಅವನ ತೊಡೆಯ ಮೇಲಿಟ್ಟಳು.