ಬಿಳಿ ಸಾಲಿನಾಗ ಕೆಂಪು ಮರಿ

ನಮ್ಮ ಕೊಟ್ಟೂರಿನ ಪಂಕ್ಚರ್ ಮುನಾವರನಿಗೆ ಗಾಳಿ ಎಲ್ಲಿ ಸೋರತೈತಿ ಅಂತ ಹುಡುಕೋ ಚಟ. ಟ್ಯೂಬಿನಾಗ ಹುಡುಕಿದ್ರ ಕಸುಬು, ನೆರೆಮನಿಯಾಗ ಹುಡುಕಿದ್ರ ಕಸಿವಿಸಿ.

ಮೂರು ವರ್ಷದಿಂದ ಅವನು ಅಪ್ಪಟ ಬಿಳಿ ನಾಟಿಕೋಳಿ ತಳಿ ಮಾಡಾಕ ಹತ್ಯಾನ; ಆ ತಳಿಗೆ 'ಬಿಳಿ ಸಾಲು' ಅಂತಾನ. ಬ್ಯಾರೆ ಬಣ್ಣದ ಒಂದು ಪುಕ್ಕ ಕಂಡ್ರೂ ಆ ಕೋಳಿ ಸೀದಾ ಬಿರಿಯಾನಿ. ಈ ಸಲ ಹತ್ತು ತತ್ತಿ ಆರಿಸಿ, ಒಂದೊಂದರ ಮ್ಯಾಲೂ ಪೆನ್ಸಿಲಿನಾಗ ತಾರೀಖು ಬರದು, ಬುಟ್ಟಿಯಾಗ ಕಾವಿಗೆ ಇಟ್ಟ. ಇಪ್ಪತ್ತೊಂದನೇ ದಿನ ಹತ್ತು ಮರಿ. ಒಂಬತ್ತು ನಿಂಬಿಹಣ್ಣಿನ ಬಣ್ಣ. ಹತ್ತನೇದು ಕೆಂಪು, ಬೆನ್ನಮ್ಯಾಲೆ ಅಳಿಲಿನಂಗ ಪಟ್ಟಿ!

"ಅಮ್ಮೀ, ಇದು ಯಾರ ಮರಿ?"

ನುಚ್ಚು ಹಾಕ್ತಿದ್ದ ತಾಯಿ ಖಾಸಿಂ ಬೀ ತಲಿ ಎತ್ತಲಿಲ್ಲ. "ಅದರವ್ವಂದು."

ಮುನಾವರ ಗೋಡಿ ನೋಡಿದ. ಪಕ್ಕದ ಮನಿ ಗಾರೆ ಕೆಲಸದ ಅಂಜಿನೇಯಲುನ ಕೆಂಪು ಹುಂಜ ಅಲ್ಲಿ ಎದಿ ಉಬ್ಬಿಸಿ ನಿಂತಿತ್ತು.

"ಅಂಜಿನಿ, ನಿನ್ನ ಹುಂಜ ನಮ್ಮ ಮನಿ ಸಾಲು ಕೆಡಿಸೈತಿ!"

"ಲೇ, ಅದು ಕೂಗಾಕ ಗೋಡಿ ಹತ್ತತೈತಿ ಅಷ್ಟ."

"ಹತ್ತಿದ್ದು ಕೂಗಾಕ. ಇಳಿದಿದ್ದು ಯಾವ ಕಡಿ?"

"ಹುಂಜನ್ನ ಕೇಳು."

"ಇಲ್ಲಾ ಆ ಹುಂಜ ಇರಬೇಕು, ಇಲ್ಲಾ ನಮ್ಮ ದೋಸ್ತಿ ಇರಬೇಕು!"

ಹುಂಜ ದಾಟಬಾರದಂತ ಮುನಾವರ ಗೋಡಿ ಮ್ಯಾಲೆ ಮೀನು ಹಿಡಿಯೋ ಬಲಿ ಕಟ್ಟಿದ. ನಾಕು ದಿನ ಮಾತಿಲ್ಲ.

ನಮ್ಮ ಓಣ್ಯಾಗ ಯಾರ ಮನಿ ಕೋಳಿ ಇದ್ರೂ ಕೊಯ್ಯಾಕ ಮುನಾವರನ ಹತ್ರಾನ ಒಯ್ಯೋದು. ಭಾನುವಾರ ಅಂಜಿನೇಯಲು ಬಗಲಾಗ ಹುಂಜ ಅವಚಿಕೊಂಡು ಬಂದ.

"ತಗೋ, ಕೊಯ್ಯಿ. ದೋಸ್ತಿ ಉಳೀಲಿ." ಕೊಡೋ ಕೈ ಮಾತ್ರ ಹುಂಜನ್ನ ಬಿಡವಲ್ದು.

ಮುನಾವರ ಚಾಕು ತರಾಕ ಒಳಗ ಹೋದ. ಬುಟ್ಟಿಯಿಂದ ಗಬ್ಬು ವಾಸನಿ. ಹುಲ್ಲು ಸರಿಸಿದ್ರ, ತಳದಾಗ ಒಂದು ಕೊಳತ ತತ್ತಿ. ಮ್ಯಾಲೆ ಅವನದ ಪೆನ್ಸಿಲ್ ತಾರೀಖು. ಬಟ್ಟು ಮಡಿಚಿ ಎಣಿಸಿದ. ಇಟ್ಟದ್ದು ಹತ್ತು. ಕೊಳತದ್ದು ಒಂದು. ಎದ್ದ ಮರಿ ಹತ್ತು!

"ಅಮ್ಮೀ, ಹನ್ನೊಂದನೇ ತತ್ತಿ ಎಲ್ಲಿಂದ ಬಂತು?"

ಖಾಸಿಂ ಬೀ ದನಿ ತಗ್ಗಿಸಿದ್ಲು. "ಸರಿ ಸಂಖ್ಯಾ ಇಟ್ರ ಮರಿ ಏಳಂಗಿಲ್ಲಪ್ಪ. ನಮ್ಮತ್ತಿ ಕಾಲದಿಂದ ಬೆಸಾನ ಇಡೋದು. ಅಂಜಿನಿ ಮನಿ ಕೋಳಿ ಬಂದು ನಮ್ಮ ಸೌದಿ ಒಟ್ಟಿಲಾಗ ತತ್ತಿ ಇಟ್ಟಿತ್ತು. ಅದನ್ನ ಸೇರಿಸಿದೆ."

"ನಾಕು ದಿನ ಬಾಯಿ ಬಿಡಲಿಲ್ಲಲ್ಲ!"

"ಕೇಳದ ತಗೊಂಡಿದ್ದು. ಹೆಂಗ ಬಿಡಲಿ?"

ಮುನಾವರ ಬರಿಗೈಲೆ ಹೊರಗ ಬಂದ. "ಚಾಕು ಮೊಂಡಾಗೈತಿ. ಹುಂಜ ಒಯ್ಯಿ."

"ನಿನ್ನಿ ಸಾಣಿ ಹಿಡಿಸೋದು ನಾನ ನೋಡೀನಿ."

"ಒಯ್ಯಿ ಅಂದೆ!"

ಅಂಜಿನೇಯಲು ಎರಡು ಸಲ ಹೊಳ್ಳಿ ನೋಡಿ ಹೋದ. ಸಂಜಿಗೆ ಚಾದ ಅಂಗಡ್ಯಾಗ ನನ್ನ ಕಿವ್ಯಾಗ ಅಂದ: "ಕೊಯ್ಯೋ ಮನಶ್ಯಾ ಸುಮ್ನ ಬಿಡತಾನೇನ್ರಿ? ನನ್ನ ಹುಂಜನ ಮ್ಯಾಲೆ ಕಣ್ಣು ಹಾಕ್ಯಾನ. ಇನ್ನ ಕೆಂಪು ಸಾಲು ಶುರು ಮಾಡತಾನ, ನೋಡತಿರ್ರಿ."

ಮಾರನೇ ದಿನ ಮುಂಜಾನಿ ಮುನಾವರ ತನ್ನ ಬಲಿ ಬಿಚ್ಚಿದ. ಮಧ್ಯಾಹ್ನದೊಳಗ ಅಂಜಿನೇಯಲು ತನ್ನ ಕಡಿಯಿಂದ ಒಂದು ಕಟ್ಟಿದ.