ಸೊನ್ನೆಯಿಂದ ಸೊನ್ನೆಗೆ

ಒಂಬತ್ತು ವರ್ಷ ಒಂದೇ ಕಾಲೇಜಿನ ಲ್ಯಾಬಿನಲ್ಲಿ ಬೀಕರು ತೊಳೆದವಳು ನಾನು. ಸಂಜೆ ಕಾಲೇಜಿಗೆ ಹೋಗಿ ಗಣಿತದ ಎಂ.ಎಸ್ಸಿ. ಮುಗಿಸಿದ್ದೆ. ಅಂದು ಅಲ್ಲಿನ ಉಪನ್ಯಾಸಕಿ ಹುದ್ದೆಗೆ ನನ್ನ ಪರೀಕ್ಷಾ ಪಾಠ. ಗೆದ್ದರೆ ಮೇಡಂ, ಸೋತರೆ ಮತ್ತೆ ಸಿಂಕು. ವಯೋಮಿತಿ ನಲವತ್ತು, ನನಗೆ ಮುಂದಿನ ತಿಂಗಳು ನಲವತ್ತು ತುಂಬುತ್ತಿತ್ತು.

ಕೊನೆಯ ಬೆಂಚಿನಲ್ಲಿ ವಿಭಾಗದ ಮುಖ್ಯಸ್ಥರು ನನ್ನ ಫಾರಂ ಹಿಡಿದು ಕೂತಿದ್ದರು. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಗುಂಡುಸೂಜಿ. ಅವರನ್ನು ಕಂಡರೆ ನನಗೆ ಮೊದಲಿನಿಂದಲೂ ಜೀವ ಬಾಯಿಗೆ ಬರುತ್ತಿತ್ತು. ಒತ್ತಿ ಹಿಡಿದ ಸೀಮೆಸುಣ್ಣ ಎರಡು ತುಂಡಾಯಿತು. ಮುಂದಿನ ಸಾಲು ಕಿಸಕ್ಕೆಂದಿತು. ನಗಲಿ ಪಾಪ, ನಾನಾಗಿದ್ದರೂ ನಗುತ್ತಿದ್ದೆ.

ಲೆಕ್ಕ ಸುಲಭದ್ದು: ಸೊನ್ನೆಯಿಂದ ಪೈವರೆಗೆ ಸೈನ್ ವರ್ಗದ ಅನುಕಲನ. ಅಂದರೆ ಒಂದು ಪುಟ್ಟ ದಿಬ್ಬದ ಕೆಳಗೆ ಎಷ್ಟು ಜಾಗವಿದೆ ಎಂದು ಹೇಳುವುದು. ದಿಬ್ಬದ ಚಿತ್ರ ಬರೆಯಹೊರಟೆ.

"ಚಿತ್ರ ಬೇಡಮ್ಮ, ಟೈಮಿಲ್ಲ. ಆದೇಶ ವಿಧಾನ ತೋರ್ಸಿ ಸಾಕು," ಎಂದರು ಗುಂಡುಸೂಜಿ.

ಆದೇಶವೆಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು. ಸೈನ್ ಎಕ್ಸ್ ಇದ್ದಲ್ಲಿ ಯು ಇಟ್ಟೆ. ಹಾಗೆ ಮಾಡಿದಾಗ ಛೇದಕ್ಕೆ ಬಂದ ಕೊಸೈನ್ ಬದಲು ಒಂದರಲ್ಲಿ ಯು ವರ್ಗ ಕಳೆದು ವರ್ಗಮೂಲ ಹಾಕಿದೆ. ಎಕ್ಸ್ ಹೋದ ಮೇಲೆ ಮಿತಿಗಳೂ ಬದಲಾಗಬೇಕು. ಸೊನ್ನೆಯ ಸೈನ್ ಸೊನ್ನೆ, ಪೈಯ ಸೈನ್ ಕೂಡ ಸೊನ್ನೆ. ಸೊನ್ನೆಯಿಂದ ಸೊನ್ನೆಗೆ ಹೋದರೆ ಉತ್ತರವೂ ಸೊನ್ನೆ. ಬರೆದು ಅಡಿಗೆರೆ ಎಳೆದೆ. ಪೆನ್ನುಗಳು ಸರಸರ ಓಡಿದವು.

"ಸರಿಯಾಗಿದೆ," ಎಂದು ಗುಂಡುಸೂಜಿ ಪೆನ್ನಿನ ಮುಚ್ಚಳ ತೆಗೆದರು.

ಆಗ ತಪ್ಪು ಹೊಳೆಯಿತು. ವರ್ಗ ಮಾಡಿದ್ದು ಸೊನ್ನೆಗಿಂತ ಕೆಳಗಿಳಿಯುವುದೇ ಇಲ್ಲ. ದಿಬ್ಬ ಕಣ್ಣೆದುರು ಎದ್ದು ನಿಂತಿರುವಾಗ ಕೆಳಗೆ ಜಾಗವೇ ಇಲ್ಲವೆಂದರೆ ಯಾರು ನಂಬುತ್ತಾರೆ? ಅರ್ಧ ದಾರಿ ದಾಟಿದ ಮೇಲೆ ಕೊಸೈನ್ ಋಣವಾಗುತ್ತದೆ. ಆ ಚಿಹ್ನೆಯನ್ನು ನಾನು ನುಂಗಿ ನೀರು ಕುಡಿದಿದ್ದೆ. ಬಾಯಿ ಬಿಟ್ಟರೆ ಕೆಲಸ ಹೋಯಿತು. ಮೇಲಾಗಿ ಸರಿ ಎಂದವರು ಗುಂಡುಸೂಜಿ. ಸುಮ್ಮನಿದ್ದುಬಿಡೋಣ ಎಂದೇ ತೀರ್ಮಾನಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಎರಡನೇ ಸಾಲಿನ ಹುಡುಗಿ ಕೈಯೆತ್ತಿದಳು. "ಮೇಡಂ, ನಾಡಿದ್ದು ಪರೀಕ್ಷೆಲೂ ಹಿಂಗೇ ಬರೀಬಹುದಾ?"

ನನ್ನನ್ನು ಮೇಡಂ ಎಂದು ಕರೆದವರಲ್ಲಿ ಅವಳೇ ಮೊದಲನೆಯವಳು.

"ಬೇಡಮ್ಮ. ಬರ್ಕೊಂಡಿದ್ದನ್ನ ಹೊಡೆದುಹಾಕಿ. ನಾನು ತಪ್ಪು ಮಾಡಿದೀನಿ."

ದಿಬ್ಬವನ್ನು ನಡುವೆ ಸೀಳಿ, ಎರಡನೇ ಅರ್ಧಕ್ಕೆ ಋಣ ಚಿಹ್ನೆ ಹಾಕಿ ಮತ್ತೆ ಮಾಡಿದೆ. ಒಂದೊಂದು ಅರ್ಧಕ್ಕೂ ಪೈಯ ಕಾಲು ಭಾಗ, ಒಟ್ಟು ಅರ್ಧ ಪೈ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬೆಲ್ಲು ಹೊಡೆಯಿತು, ಕ್ಲಾಸು ಖಾಲಿಯಾಯಿತು, ಬೂಟಿನ ಸದ್ದು ಹತ್ತಿರ ಬಂತು.

ಗುಂಡುಸೂಜಿಯ ಮುಖ ಬಿಳಿಚಿಕೊಂಡಿತ್ತು. ಅವರು ಬೋರ್ಡನ್ನು ಬೆರಳಿಟ್ಟು ಓದಿದರು.

"ನಾಡಿದ್ದಿನ ಪೇಪರ್ ನಾನೇ ತೆಗ್ದಿರೋದು. ಇದೇ ಲೆಕ್ಕ ಇದೆ. ಕೀ ಆನ್ಸರಲ್ಲಿ ಸೊನ್ನೆ ಅಂತ ಕೊಟ್ಟಿದೀನಿ," ಎಂದರು ಪಿಸುದನಿಯಲ್ಲಿ. "ಎಲ್ಲಾ ಕಾಲೇಜಿಗೂ ಹೋಗಾಗಿದೆ. ಈಗ ತಪ್ಪು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಡ?"

ಫಾರಂ ಅನ್ನು ಗೋಡೆಗೆ ಒತ್ತಿ, ಆಯ್ಕೆಯಾಗಿದ್ದಾರೆ ಎಂದು ಬರೆದು ಸಹಿ ಹಾಕಿ ನನ್ನತ್ತ ಚಾಚಿದರು. "ಇದು ನಮ್ಮಿಬ್ರಲ್ಲೇ ಇರ್ಲಿ."

ನಾನು ಒಂದು ತುದಿ ಹಿಡಿದೆ. ಕೀ ಹಾಗೇ ಉಳಿದರೆ ಸರಿಯಾಗಿ ಬರೆದವರೆಲ್ಲ ಅಂಕ ಕಳೆದುಕೊಳ್ಳುತ್ತಾರೆ. ಆ ಹುಡುಗಿ ನನ್ನ ಮಾತು ನಂಬಿ ಅರ್ಧ ಪೈ ಎಂದೇ ಬರೆಯುತ್ತಾಳೆ.

"ಮೊದ್ಲು ಕೀ ಆನ್ಸರ್ ತಿದ್ದಿ, ಸಾರ್," ಎಂದೆ.

ಅವರು ಫಾರಂ ಬಿಡಲಿಲ್ಲ. ನಾನೂ ಬಿಡಲಿಲ್ಲ.