ಹದಿನೆಂಟು ಅಡಿ ಉಸಿರು

ನಾನು ಒಂದು ಟ್ಯೂಬಾ. ಹುಬ್ಬಳ್ಳಿಯ ಮಂದಿಗೆ ‘ದೊಡ್ಡ ಬಾಜಾ’. ಉತ್ತರದ ಮೀರತ್ ಊರಿನ ಒಂದು ಓಣಿಯಲ್ಲಿ ಹಿತ್ತಾಳೆಯ ತಗಡನ್ನು ಬಡಿದು, ಸುತ್ತಿ, ಬೆಸೆದು ನನ್ನನ್ನು ಮಾಡಿದರು. ನನ್ನ ಕೊಳವೆಯನ್ನು ಬಿಚ್ಚಿ ನೆಟ್ಟಗೆ ಹಾಸಿದರೆ ಹದಿನೆಂಟು ಅಡಿ. ಪಕ್ಕದ ಮೊಳೆಗೆ ತೂಗುವ ಪುಟ್ಟ ತುತ್ತೂರಿ, ಕಾರ್ನೆಟ್ಟಿನದು ಬರೀ ನಾಲ್ಕೂವರೆ. ಜಂಬವೆನ್ನಿ, ಬೇಸರವಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ನನ್ನನ್ನು ತಂದವರು ಮದುವೆ ಬ್ಯಾಂಡಿನ ಒಡೆಯ ಹುಸೇನಸಾಬ ಮಾಸ್ತರರು. ದೊಡ್ಡ ವಾದ್ಯಕ್ಕೆ ದೊಡ್ಡ ಆಳು ಎಂಬುದು ಅವರ ನಂಬಿಕೆ. ಗರಡಿಯಿಂದ ಭರಮಪ್ಪ ಪೈಲವಾನನನ್ನು ಕರೆಸಿ ನನ್ನನ್ನು ಅವನ ಹೆಗಲಿಗೇರಿಸಿದರು. ಅವನು ಕೆನ್ನೆ ಉಬ್ಬಿಸಿ, ನನ್ನೊಂದಿಗೆ ಕುಸ್ತಿಗೆ ಬಿದ್ದವನಂತೆ ಊದಿದ. ನನಗೆ ಬೇಕಾದದ್ದು ಬಲವಲ್ಲ, ಗಾಳಿ. ಕನ್ನಡಿಯ ಮೇಲೆ ‘ಹಾ’ ಎಂದು ಬಿಡುತ್ತೀರಲ್ಲ, ಅಂಥ ಬೆಚ್ಚನೆಯ, ಧಾರಾಳ ಗಾಳಿ. ಊದಿದ ಮೂರನೆಯ ಮದುವೆಯಲ್ಲೇ ಪೈಲವಾನ ಕಣ್ಣಿಗೆ ಕತ್ತಲೆ ಕವಿದು ಕುಸಿದು ಕುಳಿತ. ಮರುದಿನ ಗರಡಿಗೇ ಹೋದ.

ಅದೇ ತಿಂಗಳು ಕಾರ್ನೆಟ್ ಊದುವ ಯಮನಪ್ಪ ಸೈಕಲ್ಲಿನಿಂದ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡ. ಆಳು ಒಣಕಲು, ಬ್ಯಾಂಡ್ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಕಾರ್ನೆಟ್ಟಿಗೆ ಗಾಳಿ ಸ್ವಲ್ಪವೇ ಸಾಕು, ಆದರೆ ತುಟಿ ಬಿಗಿಯಬೇಕು, ತುಟಿಗೆ ಹಲ್ಲಿನ ಆಸರೆ ಬೇಕು. ನನ್ನ ಬಾಯಿ ಅಗಲ, ಸಡಿಲ ತುಟಿಯೇ ನನಗೆ ಇಷ್ಟ.

“ದೊಡ್ಡ ಬಾಜಾ ನನಗ ಕೊಡ್ರಿ ಮಾಸ್ತರ,” ಎಂದು ಅವನು ಕೈಮುಗಿದ.

“ಪೈಲವಾನಗ ಆಗ್ಲಿಲ್ಲ, ನಿನ್ನ ಕಡ್ಡಿ ಎದಿಗೆ ಆಗ್ತೈತೇನಲೇ? ಆತು, ಐತವಾರದ ಮೆರವಣಿಗಿ ಬಾರಸು. ಬರಲಿಲ್ಲಂದ್ರ ಮನಿಗೆ ಹೋಗು.”

ನಮ್ಮ ಬ್ಯಾಂಡಿನಲ್ಲಿ ಒಂದು ಕಟ್ಟಳೆಯಿತ್ತು. ಹಾಡಿನ ಸಾಲು ಮುಗಿಯುವ ಮೊದಲು ಉಸಿರೆಳೆದರೆ ಅದಕ್ಕೆ ‘ಉಸಿರು ಕದಿಯೋದು’ ಎನ್ನುತ್ತಿದ್ದರು. ಅದು ಮಹಾ ಅವಮಾನ. ಯಮನಪ್ಪ ಕಾರ್ನೆಟ್ಟಿನಲ್ಲಿ ಒಂದೇ ಉಸಿರಿಗೆ ಎರಡು ಸಾಲು ಊದಿ ಮೀಸೆ ತಿರುವಿದವನು. ಆಗ ಅವನ ಎದೆಯಲ್ಲಿ ಗಾಳಿ ಮಿಕ್ಕೇ ಇರುತ್ತಿತ್ತು. ನನ್ನ ಹತ್ತಿರ ಮಿಗುವ ಮಾತಿಲ್ಲ. ಅವನ ಒಂದು ಸಾಲಿನ ಗಾಳಿ ನನ್ನ ಎರಡು ಸ್ವರಕ್ಕೂ ಸಾಲದು.

ಐತವಾರ ಬಂತು. ಮದುಮಗ ಕುದುರೆಯೇರಿದ, ಬೀಗರು ಕುಣಿಯತೊಡಗಿದರು. ಯಮನಪ್ಪ ಹಳೆಯ ಹಟದಲ್ಲೇ, ಸಾಲು ಮುಗಿಯುವವರೆಗೆಂದು ಉಸಿರು ಹಿಡಿದ. ನಾನು ಎರಡು ಸಲ ‘ಪೊಂ’ ಎಂದು ಸುಮ್ಮನಾದೆ. ಮತ್ತೆ ಹಿಡಿದ, ಮತ್ತೆ ಸುಮ್ಮನಾದೆ. ಕುಣಿಯುವವರ ಕಾಲು ತಪ್ಪಿತು. ಮಾಸ್ತರರು ತಿರುಗಿ ನೋಡಿ ಹುಬ್ಬು ಗಂಟಿಕ್ಕಿದರು. ಅವನನ್ನು ಕಂಡು ನನಗೆ ಅಯ್ಯೋ ಅನ್ನಿಸಿತು. ಅವನ ಬೆವರು ನನ್ನ ಕೊರಳ ಮೇಲೆ ಇಳಿಯುತ್ತಿತ್ತು.

ಆಮೇಲೆ ಅವನು ನಾಚಿಕೆ ಬಿಟ್ಟ. ಬಾಯಿ ಅಗಲಿಸಿ, ಪಕ್ಕದವರಿಗೆ ಕೇಳುವ ಹಾಗೆ, ಹೊಟ್ಟೆಯವರೆಗೆ ಗಾಳಿ ಎಳೆದುಕೊಂಡ. ನಾಲ್ಕು ಹೆಜ್ಜೆ ಊದಿದ, ಮತ್ತೆ ಎಳೆದ. ಒತ್ತಲಿಲ್ಲ, ಬಡಿದಾಡಲಿಲ್ಲ, ಗಾಳಿಯನ್ನು ಸುಮ್ಮನೆ ನನ್ನೊಳಗೆ ಬಿಟ್ಟ. ಹದಿನೆಂಟು ಅಡಿಯೂ ತುಂಬಿತು. ಹುಟ್ಟಿದಾಗಿನಿಂದ ಅಂಥ ದನಿ ನಾನು ತೆಗೆದಿರಲಿಲ್ಲ! ಅಂಗಡಿಗಳ ತಗಡಿನ ಬಾಗಿಲುಗಳು ನಡುಗಿದವು, ಬೀಗರ ಕಾಲು ತಾಳಕ್ಕೆ ಬಂದವು.

ಛತ್ರದ ಮುಂದೆ ಮಾಸ್ತರರು ಬಂದು ನಿಂತರು. “ಸಾಲಿನ ನಡುವ ಉಸಿರ ಕದ್ದೆಲ್ಲೋ ಯಮನಪ್ಪಾ!”

“ಕದ್ದಿಲ್ರಿ ಮಾಸ್ತರ. ಎಲ್ಲಾರ ಮುಂದ ತಗೊಂಡೇನಿ.”

ಮಾಸ್ತರರು ನಕ್ಕುಬಿಟ್ಟರು. “ಹಂಗಾದ್ರ ಇದು ಇನ್ನ ನಿಂದ.”

ಇಪ್ಪತ್ತಾರು ವರ್ಷ ನಾವು ಬೇರೆಯಾಗಲಿಲ್ಲ. ಈಗ ನಾನು ಬ್ಯಾಂಡಿನ ಕೋಣೆಯ ಮೂಲೆಯಲ್ಲಿದ್ದೇನೆ, ಮೈಯೆಲ್ಲ ತಗ್ಗು. ಯಮನಪ್ಪ ಸೋಮವಾರಕ್ಕೊಮ್ಮೆ ಬಂದು ನನ್ನನ್ನು ಒರೆಸುತ್ತಾನೆ. ಮೊನ್ನೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದವನು ಆಸ್ಪತ್ರೆಯ ಸುದ್ದಿ ಹೇಳಿದ. ಅಲ್ಲಿ ಎದೆ ಗಟ್ಟಿಯಾಗಲೆಂದು ನಳಿಗೆಯಿಂದ ಉಸಿರೆಳೆಯುವ ಮೂರು ಗುಂಡಿನ ಡಬ್ಬಿ ಕೊಟ್ಟರಂತೆ. ಬೇರೆಯವರು ಒಂದು ಗುಂಡು ಏರಿಸಲು ತಿಣುಕುವಾಗ, ಎಪ್ಪತ್ತರ ಈ ಒಣಕಲು ಮುದುಕ ಎಳೆದ ಕೂಡಲೇ ಮೂರೂ ಮೇಲೇರಿ ನಿಂತುಬಿಟ್ಟವಂತೆ. ನರ್ಸಮ್ಮ ಬೆರಗಾಗಿ, “ಯಾರ ಕಲಿಸ್ಯಾರ ಅಜ್ಜಾ?” ಎಂದು ಕೇಳಿದಳಂತೆ.

“ನಾ ಏನ್ ಹೇಳಿದೆ ಗೊತ್ತೇನು?” ಎಂದು ಯಮನಪ್ಪ ನನ್ನ ಬೆನ್ನು ತಟ್ಟಿದ. “ನಮ್ಮ ಕ್ವಾಣ್ಯಾಗ ಒಬ್ಬಾಂವ ದೊಡ್ಡ ಮಾಸ್ತರ ಅದಾನ, ಅಂದೆ.”